ಹಳದಿ ಪಟ್ಟಿಯ ವರ್ಷ

ಹಿಂದಿನ ವರ್ಷದ ಪಬ್ಲಿಕ್ ಪರೀಕ್ಷೆಯಲ್ಲಿ ನಮ್ಮ ಶಾಲೆಗೆ ಬಂದದ್ದು ಶೇ. 72. ಸುತ್ತಲಿನ ಶಾಲೆಗಳ ಪಟ್ಟಿಯಲ್ಲಿ ನಾವು ಕೆಳಗಿನಿಂದ ನಾಲ್ಕನೆಯವರು. ಎಚ್ಚೆಮ್, ಅಂದರೆ ನಮ್ಮ ಮುಖ್ಯಶಿಕ್ಷಕರು, ಆ ಪಟ್ಟಿಯನ್ನು ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದರು. ಅದರ ಪಕ್ಕದಲ್ಲಿ ಸ್ಕೆಚ್ ಪೆನ್ನಿನಿಂದ ದಪ್ಪಗೆ 90 ಅಂತ ಬರೆದರು. ಆಮೇಲೆ ಒಂದು ಮಾತೂ ಆಡದೆ ಹೊರಗೆ ಹೋದರು.

ಅವರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಫಲಿತಾಂಶ ಬಂದ ದಿನ ಮೇಲಿನಿಂದ ಅವರಿಗೆ ಫೋನ್ ಬಂದಾಗ ನಾನು ಪಕ್ಕದಲ್ಲೇ ಇದ್ದೆ. ಹತ್ತು ನಿಮಿಷ ಬರೀ "ಹೌದು ಸರ್, ಹೌದು ಸರ್" ಅಂದರು. ಅವರನ್ನು ಅಳೆಯುವ ಪಟ್ಟಿ ಇನ್ನೊಂದು ಗೋಡೆಯ ಮೇಲಿತ್ತು, ಅಷ್ಟೇ.

ನಾನು ವಿಜ್ಞಾನ ಪಾಠ ಮಾಡುವವಳು. ಆ ವರ್ಷ ಪರೀಕ್ಷೆ ತರಗತಿಗೆ ಕ್ಲಾಸ್ ಟೀಚರ್ ಕೂಡ ನಾನೇ. 53 ಮಕ್ಕಳು. ಮೊದಲ ಕಿರುಪರೀಕ್ಷೆ ಮುಗಿದ ಮೇಲೆ ಎಚ್ಚೆಮ್ ನನ್ನನ್ನು ಕರೆದು ಮೂರು ಹೈಲೈಟರ್ ಕೊಟ್ಟರು.

"ಮೇಡಂ, ನಾವು ಏನೂ ಮಾಡದಿದ್ದರೂ ಪಾಸಾಗೋರಿಗೆ ಹಸಿರು ಹಚ್ಚಿ. ಸ್ವಲ್ಪ ತಳ್ಳಿದರೆ ದಾಟೋರಿಗೆ ಹಳದಿ. ಏನು ಮಾಡಿದರೂ ಆಗದವರಿಗೆ ಕೆಂಪು. ನಿಮ್ಮ ಟೈಮೆಲ್ಲಾ ಹಳದಿಗೆ ಕೊಡಿ."

ಕೆಂಪು ಹೈಲೈಟರ್ ಸಿಕ್ಕಿರಲಿಲ್ಲ. ಗುಲಾಬಿಯನ್ನೇ ಕೆಂಪು ಅಂದುಕೊಂಡೆವು.

ಅವತ್ತು ಸಂಜೆ ಕೂತು ಬಣ್ಣ ಹಚ್ಚಿದೆ. ಹಸಿರು 21, ಹಳದಿ 17, ಗುಲಾಬಿ 15. ಇಷ್ಟು ಮಕ್ಕಳ ಹಣೆಬರಹ ಬರೆಯುವುದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಇಬ್ಬರು ಮೂವರ ಹೆಸರಿನ ಮುಂದೆ ಮಾತ್ರ ಕೈ ತಡೆಯಿತು. ಒಬ್ಬ ಹುಡುಗನಿಗೆ ಮೊದಲು ಹಳದಿ ಹಚ್ಚಿ, ಅವನ ಗಣಿತದ ನಂಬರು ನೋಡಿ, ಅದರ ಮೇಲೆ ಗುಲಾಬಿ ಎಳೆದೆ. ಎರಡೂ ಸೇರಿ ಕಿತ್ತಳೆ ಬಣ್ಣ ಆಯಿತು. ಅವನನ್ನು ಯಾವ ಗುಂಪಿಗೆ ಕಳಿಸಬೇಕು ಅಂತ ಮಾರನೆಯ ದಿನ ಮತ್ತೆ ಕೇಳಬೇಕಾಯಿತು. ಗುಲಾಬಿಗೆ ಹೋದ.

ಈ ಮೂರು ಬಣ್ಣ ನಮ್ಮ ಎಚ್ಚೆಮ್ ತಲೆಯಲ್ಲಿ ಹುಟ್ಟಿದ್ದು ಅಂತಲೇ ನಾನು ತುಂಬಾ ದಿನ ನಂಬಿದ್ದೆ. ವರ್ಷ ಮುಗಿದ ಮೇಲೆ, ರಜೆಯಲ್ಲಿ, ಇಂಥದ್ದು ಬೇರೆ ಕಡೆಯೂ ಇದೆಯಾ ಅಂತ ಹುಡುಕಿದೆ. ಜೆನ್ನಿಫರ್ ಬೂಹರ್ ಜೆನ್ನಿಂಗ್ಸ್ ಎಂಬ ಸಮಾಜಶಾಸ್ತ್ರಜ್ಞೆ 2005ರಲ್ಲಿ ಅಮೆರಿಕದ ಟೆಕ್ಸಾಸ್‌ನ ಒಂದು ಪ್ರಾಥಮಿಕ ಶಾಲೆಯ ಬಗ್ಗೆ ಬರೆದಿದ್ದರು. ಅಲ್ಲಿಯ ಶಿಕ್ಷಕರಿಗೂ ಮಕ್ಕಳ ಹೆಸರಿಗೆ ಬಣ್ಣ ಹಚ್ಚಲು ಹೇಳಿದ್ದರಂತೆ. ಹಸಿರು, ಹಳದಿ, ಕೆಂಪು. ಗೆರೆಯ ಹತ್ತಿರ ಇರುವ ಹಳದಿ ಮಕ್ಕಳಿಗೆ ಅವರು 'ಬಬಲ್ ಕಿಡ್ಸ್', ಅಂದರೆ 'ಗುಳ್ಳೆ ಮಕ್ಕಳು' ಅನ್ನುತ್ತಿದ್ದರು. ಯುದ್ಧದಲ್ಲಿ ಗಾಯಗೊಂಡವರನ್ನು ತಾವೇ ಉಳಿಯುವವರು, ಚಿಕಿತ್ಸೆ ಸಿಕ್ಕರೆ ಉಳಿಯುವವರು, ಏನು ಮಾಡಿದರೂ ಉಳಿಯದವರು ಅಂತ ಮೂರು ಗುಂಪು ಮಾಡಿ, ನಡುವಿನವರಿಗೆ ಮೊದಲು ಔಷಧಿ ಕೊಡುತ್ತಾರಲ್ಲ, ಹಾಗೆ ಇದು ಅಂತ ಆಕೆ ಬರೆದಿದ್ದರು. ಓದುತ್ತಾ ನನಗೆ ಮೈ ಬೆವರಿತು. ಬಣ್ಣ ಕೂಡ ಅದೇ.

ಎಚ್ಚೆಮ್ ಬರೆದ 90 ಮಾತ್ರ ಅಮೆರಿಕದವರ ಮುಂದೆ ಏನೂ ಅಲ್ಲ. ಅಲ್ಲಿ 2002ರಲ್ಲಿ ಒಂದು ಕಾನೂನು ಬಂತು. 3ರಿಂದ 8ನೇ ತರಗತಿವರೆಗೆ ಪ್ರತಿ ವರ್ಷ ಓದು ಮತ್ತು ಗಣಿತದಲ್ಲಿ ಪರೀಕ್ಷೆ. 2014ರ ಹೊತ್ತಿಗೆ ಎಲ್ಲ ಮಕ್ಕಳೂ, ಅಂದರೆ ನೂರಕ್ಕೆ ನೂರು, ನಿಗದಿಯಾದ ಮಟ್ಟ ಮುಟ್ಟಲೇಬೇಕು ಅಂತ ಅದರಲ್ಲಿ ಬರೆದಿತ್ತು. ಒಂದು ರಾಜ್ಯವೂ ಮುಟ್ಟಲಿಲ್ಲ. 2015ರ ಕೊನೆಯಲ್ಲಿ ಆ ಕಾನೂನನ್ನೇ ಬದಲಿಸಿದರು.

ಇರಲಿ. ನನ್ನ 17 ಮಕ್ಕಳಿಗೆ ವಾಪಸ್ ಬರುತ್ತೇನೆ.

ಶಾಲೆ ಶುರುವಾಗುವ ಮುಂಚೆ ಒಂದು ಗಂಟೆ, ಬಿಟ್ಟ ಮೇಲೆ ಒಂದೂವರೆ ಗಂಟೆ ಹಳದಿ ಕ್ಲಾಸು. ಕೂರಿಸಲು ಜಾಗ ಇರಲಿಲ್ಲ. ಮೊದಲು ಹೋದದ್ದು ಲ್ಯಾಬು. ಮೈಕ್ರೋಸ್ಕೋಪನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿಗೆ ಇಟ್ಟು, ಬೆಂಚು ಹಾಕಿದೆವು. ವಿಜ್ಞಾನದ ಟೀಚರ್ ಆಗಿ ನಾನೇ ಕೀ ಕೊಟ್ಟೆ. ಆಮೇಲೆ ಆಟದ ಪೀರಿಯಡ್ ಹೋಯಿತು, ಅದರ ಹಿಂದೆಯೇ ಸಂಗೀತ. ಲೈಬ್ರರಿ ಪೀರಿಯಡ್ ಟೈಮ್ ಟೇಬಲ್‌ನಲ್ಲಿ ಕೊನೆಯವರೆಗೂ ಇತ್ತು, ಆದರೆ ಆ ಹೊತ್ತಿಗೆ ಗಣಿತ ನಡೆಯುತ್ತಿತ್ತು. ಚಿತ್ರಕಲೆಯ ಮೇಷ್ಟ್ರಿಗೆ ಹಾಜರಾತಿ ಮತ್ತು ಉತ್ತರ ಪತ್ರಿಕೆ ಕಟ್ಟುವ ಕೆಲಸ ಕೊಟ್ಟರು. ಅವರು ಏನೂ ಅನ್ನಲಿಲ್ಲ.

ಇನ್ನು ಪಾಠ. ಎಂಟು ವರ್ಷದ ಹಳೇ ಪ್ರಶ್ನೆಪತ್ರಿಕೆ ಹರಡಿಕೊಂಡು ಕೂತೆ. ಯಾವ ಪಾಠದಿಂದ ಎಷ್ಟು ಅಂಕ, ಯಾವ ಚಿತ್ರ ಎಷ್ಟು ಸಲ ಬಂದಿದೆ ಅಂತ ಒಂದು ಕೋಷ್ಟಕ ಮಾಡಿದೆ. ಸುಳ್ಳು ಯಾಕೆ ಹೇಳಲಿ, ಆ ಕೆಲಸ ನನಗೆ ಖುಷಿ ಕೊಟ್ಟಿತು. ಮೋಡ ನೋಡಿ ಮಳೆ ಹೇಳುವವರ ಹಾಗೆ ನಾನೂ ಪ್ರಶ್ನೆ ಹೇಳಬಲ್ಲವಳಾದೆ. ಕಣ್ಣಿನ ಚಿತ್ರ ಎರಡು ವರ್ಷಕ್ಕೊಮ್ಮೆ ಗ್ಯಾರಂಟಿ. ಆ ವರ್ಷ ಅದರ ಸರದಿ. ಹಾಗಾಗಿ ಹಳದಿ ಮಕ್ಕಳ ಕೈಯಲ್ಲಿ ಕಣ್ಣು ಬರೆಸಿದೆ. ಮೂವತ್ತು ಸಲ ಬರೆಸಿರಬಹುದು. ಕಾರ್ನಿಯಾ, ಐರಿಸ್, ಪಾಪೆ, ಮಸೂರ, ರೆಟಿನಾ, ದೃಷ್ಟಿ ನರ. ನಿದ್ದೆಗಣ್ಣಲ್ಲಿ ಕೇಳಿದರೂ ಬರೆಯುತ್ತಿದ್ದರು.

ಒಂದು ಸಂಜೆ, ಹಾಗೇ ಕಣ್ಣು ಬರೆಯುತ್ತಿದ್ದಾಗ, ಕರೆಂಟ್ ಹೋಯಿತು.

ಲ್ಯಾಬಿನ ಕಿಟಕಿಗಳಿಗೆ ಬೀರು ಅಡ್ಡ ಇತ್ತು. ಪೂರ್ತಿ ಕತ್ತಲೆ. "ಏನೂ ಕಾಣ್ತಿಲ್ಲ ಮಿಸ್" ಅಂತ ಎಲ್ಲರೂ ಕೂಗಿದರು. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗ, "ಈಗ ಕಾಣ್ತಿದೆ, ನಿಮ್ಮ ಕೈಲಿರೋ ಪುಸ್ತಕ ಕಾಣ್ತಿದೆ" ಅಂದ. ನನಗೆ ಹಳೇ ಉತ್ಸಾಹ ಬಂತು.

"ಆಗ ಕಾಣ್ತಿರಲಿಲ್ಲ, ಈಗ ಹೇಗೆ ಕಾಣ್ತು?" ಅಂತ ಕೇಳಿದೆ.

ಒಬ್ಬರೂ ಬಾಯಿ ಬಿಡಲಿಲ್ಲ. ಎಲ್ಲರ ಮುಂದೆಯೂ ಅವರೇ ಬರೆದ ಕಣ್ಣು ಇತ್ತು. ಪಾಪೆ ಅಂತ ಬಾಣ ಹಾಕಿ ಹೆಸರು ಬರೆದಿದ್ದರು. ಅದು ಕತ್ತಲಲ್ಲಿ ಹಿಗ್ಗುತ್ತದೆ, ಬೆಳಕಲ್ಲಿ ಕುಗ್ಗುತ್ತದೆ, ಈಗ ನಿಮ್ಮ ಮುಖದಲ್ಲೇ ಹಿಗ್ಗಿದೆ ಅಂತ ಯಾರಿಗೂ ಹೊಳೆಯಲಿಲ್ಲ. ಆಗ ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು, "ಮಿಸ್, ಇದು ಬರುತ್ತಾ?"

ಪರೀಕ್ಷೆಗೆ ಬರುತ್ತಾ ಅಂತ.

ನನಗೆ ಈಗಲೂ ಬೇಸರ ತರಿಸುವುದು ಅವಳ ಪ್ರಶ್ನೆಯಲ್ಲ. ಅದನ್ನು ಕೇಳಿದ ಕೂಡಲೇ ನಾನು ಮನಸ್ಸಿನಲ್ಲೇ ನನ್ನ ಕೋಷ್ಟಕ ತೆಗೆದು ನೋಡಿದೆ. ಎಂಟು ವರ್ಷದಲ್ಲಿ ಒಂದು ಸಲವೂ ಬಂದಿರಲಿಲ್ಲ. "ಇಲ್ಲ, ಬರಲ್ಲ" ಅಂದೆ. ಕರೆಂಟ್ ಬಂತು. ಮುಂದಿನ ಚಿತ್ರಕ್ಕೆ ಹೋದೆವು.

ವರ್ಷದ ಮಧ್ಯದಲ್ಲಿ ಇನ್ನೊಂದು ಘಟನೆ ಆಯಿತು. ಮೊದಲ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ನನ್ನ ಹಳದಿ ಮಕ್ಕಳ ಸರಾಸರಿ 41. ಪಾಸಿಗೆ ಬೇಕಾದದ್ದು 35. ಎಚ್ಚೆಮ್ ಮೊದಲ ಬಾರಿಗೆ ನಕ್ಕರು. ಎರಡನೆಯದರ ಹೊತ್ತಿಗೆ ನಾನು ರಜೆಯಲ್ಲಿದ್ದೆ. ಪೇಪರ್ ತೆಗೆದದ್ದು ಗಣಿತದ ಮೇಷ್ಟ್ರು. ಅವು ಅದೇ ಪಾಠಗಳು, ಪ್ರಶ್ನೆ ಕೂಡ ಕಷ್ಟದ್ದಲ್ಲ, ಸುಮ್ನೆ ತಿರುವಿ ಹಾಕಿ ಕೇಳಿದ್ದರು. ವಸ್ತು ಇಲ್ಲಿದ್ದಾಗ ಬಿಂಬದ ಚಿತ್ರ ಬರೆಯಿರಿ ಅನ್ನುವ ಬದಲು, ಬಿಂಬದ ಚಿತ್ರ ಕೊಟ್ಟು ವಸ್ತು ಎಲ್ಲಿದೆ ಅಂತ ಕೇಳಿದ್ದರು. ಸರಾಸರಿ 26ಕ್ಕೆ ಬಂತು.

ನಾನು ಅವರ ಮೇಲೆ ಸಿಟ್ಟಾದೆ. "ಸರ್, ಹೀಗೆ ಯಾರು ಕೇಳ್ತಾರೆ? ಪಬ್ಲಿಕ್‌ನಲ್ಲಿ ಹೀಗೆ ಬರಲ್ಲ" ಅಂದೆ. ಅವರು ಕನ್ನಡಕ ತೆಗೆದು ಒರೆಸುತ್ತಾ, "ಬರಲ್ಲ ಮೇಡಂ, ನಿಜ. ಆದರೆ ಅವರಿಗೆ ಬೆಳಕಿನ ಪಾಠ ಬರುತ್ತೆ ಅಂತ ನೀವು ಹೇಳಿದ್ರಿ, ಅದಕ್ಕೆ ಕೇಳಿದೆ" ಅಂದರು.

ನಾನು ಮಾಡಿದ್ದಕ್ಕೂ ಒಂದು ಹೆಸರಿದೆ, ಅಂಕಗಳ ಉಬ್ಬರ ಅಂತ. ಡೇನಿಯಲ್ ಕೊರೆಟ್ಜ್ ಎಂಬ ಶಿಕ್ಷಣ ಸಂಶೋಧಕರು ಮತ್ತು ಸಂಗಡಿಗರು 1991ರಲ್ಲೇ ಇದನ್ನು ತೋರಿಸಿದ್ದರು. ಅಮೆರಿಕದ ಒಂದು ಕಡೆ ಶಾಲೆಗಳಲ್ಲಿ ಪರೀಕ್ಷೆಯನ್ನು ಬದಲಿಸಿದ್ದರು. ಹೊಸ ಪರೀಕ್ಷೆಯ ಮೊದಲ ವರ್ಷ ಅಂಕ ದಡಾರನೆ ಬಿತ್ತು. ಕೆಲವೇ ವರ್ಷದಲ್ಲಿ ಮತ್ತೆ ಏರಿತು. ಮಕ್ಕಳು ಸುಧಾರಿಸಿದರು ಅಂತ ಎಲ್ಲರಿಗೂ ಸಮಾಧಾನ. ಆಗ ಈ ಸಂಶೋಧಕರು ಹೋಗಿ, ಎಲ್ಲರೂ ಮರೆತಿದ್ದ ಹಳೇ ಪರೀಕ್ಷೆಯನ್ನೇ ಕೆಲವು ಮಕ್ಕಳಿಗೆ ಕೊಟ್ಟರು. ಹಿಂದೆ ಸಲೀಸಾಗಿ ಅಂಕ ಬರುತ್ತಿದ್ದ ಅದರಲ್ಲಿ ಈಗ ಬರಲಿಲ್ಲ. ನನ್ನ 41 ಮತ್ತು ಗಣಿತದ ಮೇಷ್ಟ್ರ 26 ಕೂಡ ಇಂಥದ್ದೇ.

ಆ ಮೇಷ್ಟ್ರ ಜೊತೆ ಆಮೇಲೆ ಮಾತು ಜಾಸ್ತಿಯಾಯಿತು. ಓದಿಕೊಂಡವರು. ಒಮ್ಮೆ ನಾನು "ಈಗಿನ ಕಾಲವೇ ಹೀಗೆ" ಅಂತ ಗೊಣಗಿದಾಗ ನಕ್ಕುಬಿಟ್ಟರು. ಇಂಗ್ಲೆಂಡಿನಲ್ಲಿ 1862ರಲ್ಲೇ 'ಫಲಿತಾಂಶಕ್ಕೆ ತಕ್ಕ ಹಣ' ಎಂಬ ಪದ್ಧತಿ ಬಂದಿತ್ತಂತೆ. ಇನ್‌ಸ್ಪೆಕ್ಟರ್ ಬಂದು ಪ್ರತಿ ಮಗುವಿಗೂ ಓದು, ಬರಹ, ಲೆಕ್ಕದಲ್ಲಿ ಪರೀಕ್ಷೆ ಮಾಡಬೇಕು. ಫೇಲಾದರೆ ಶಾಲೆಗೆ ಬರುವ ಹಣ ಕಡಿತ. ಮೇಷ್ಟ್ರುಗಳು ಓದುವ ಪುಸ್ತಕವನ್ನೇ ಬಾಯಿಪಾಠ ಮಾಡಿಸಿಬಿಟ್ಟರು. ಪುಸ್ತಕ ತಲೆಕೆಳಗಾಗಿ ಹಿಡಿದೂ ಮಕ್ಕಳು ಸರಾಗವಾಗಿ 'ಓದುತ್ತಿದ್ದರು' ಅಂತ ಕತೆಯೇ ಇದೆ. ಕವಿ ಮ್ಯಾಥ್ಯೂ ಆರ್ನಾಲ್ಡ್ ಆಗ ಶಾಲಾ ಇನ್‌ಸ್ಪೆಕ್ಟರ್. ಪಾಠ ಯಂತ್ರದ ಹಾಗಾಗಿದೆ ಅಂತ ತಮ್ಮ ವರದಿಗಳಲ್ಲಿ ಬರೆದರು. ಆದರೂ ಆ ಪದ್ಧತಿ ಪೂರ್ತಿ ಹೋಗುವ ಹೊತ್ತಿಗೆ 1890ರ ದಶಕ ಬಂದಿತ್ತು.

"ಹಾಗಾದರೆ ಪರೀಕ್ಷೆಯೇ ಬೇಡ ಅಲ್ವಾ ಸರ್?" ಅಂದೆ.

ಅವರು ಒಪ್ಪಲಿಲ್ಲ. "ನಾನು ಓದುವಾಗ ಒಬ್ಬ ಮೇಷ್ಟ್ರಿಗೆ ನನ್ನ ಕಂಡರೆ ಆಗುತ್ತಿರಲಿಲ್ಲ ಮೇಡಂ. ಎಷ್ಟು ಚೆನ್ನಾಗಿ ಬರೆದರೂ ಕಡಿಮೆ ನಂಬರು. ಪಬ್ಲಿಕ್ ಪರೀಕ್ಷೆಯಲ್ಲಿ ನನ್ನ ಪೇಪರ್ ತಿದ್ದಿದವರಿಗೆ ನನ್ನ ಮುಖ ಗೊತ್ತಿರಲಿಲ್ಲ. ಅದಕ್ಕೇ ಇವತ್ತು ಇಲ್ಲಿ ಕೂತಿದ್ದೀನಿ."

ಇದಕ್ಕೆ ನನ್ನ ಹತ್ತಿರ ಆಗಲೂ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಹುಡುಗನೊಬ್ಬನಿಗೆ ದಾರಿ ಮಾಡಿಕೊಟ್ಟ ಪರೀಕ್ಷೆಯೂ, ಶಾಲೆಯ ಕುತ್ತಿಗೆಗೆ ಬಿದ್ದ ಪರೀಕ್ಷೆಯೂ ಒಂದೇ. ಅಮೆರಿಕದ ಮನೋವಿಜ್ಞಾನಿ ಡೊನಾಲ್ಡ್ ಕ್ಯಾಂಬೆಲ್ 1976ರಲ್ಲಿ ಹೇಳಿದ್ದು ಈ ಗಂಟನ್ನು ಸ್ವಲ್ಪ ಬಿಡಿಸುತ್ತದೆ. ಸಾಮಾನ್ಯವಾಗಿ ಪಾಠ ನಡೆಯುವ ಕಡೆ ಪರೀಕ್ಷೆಯ ಅಂಕ ಒಳ್ಳೆಯ ಸೂಚನೆಯೇ. ಆ ಅಂಕವೇ ಪಾಠದ ಗುರಿ ಆಗಿಬಿಟ್ಟರೆ, ಅಂಕವೂ ಕೆಡುತ್ತದೆ, ಪಾಠವೂ ಕೆಡುತ್ತದೆ ಅಂತ ಅವರ ಮಾತಿನ ಸಾರ. ಜ್ವರ ಇಳಿಸುವುದಕ್ಕೆ ಥರ್ಮಾಮೀಟರನ್ನು ತಣ್ಣೀರಲ್ಲಿ ಅದ್ದುತ್ತಿದ್ದೆವು ನಾವು.

ಅದ್ದುವ ಕೆಲಸದಲ್ಲಿ ನನ್ನ ಕೈಯೂ ಇದೆ. ಶಾಲೆಯೇ ಕೊಡುವ ಆಂತರಿಕ ಅಂಕ ಅಂತ 20 ಇರುತ್ತಿತ್ತು. ಪ್ರಯೋಗ ಮಾಡಿದ್ದಕ್ಕೆ, ಚಟುವಟಿಕೆ ಮಾಡಿದ್ದಕ್ಕೆ. ಲ್ಯಾಬೇ ಇಲ್ಲದ ವರ್ಷದಲ್ಲಿ ಯಾವ ಪ್ರಯೋಗ? ಆದರೂ ಒಂದು ಮಧ್ಯಾಹ್ನ ಕೂತು ಎಲ್ಲರಿಗೂ ಹಂಚಿದೆ. 20, 19, 20, 20, 18. ಎಲ್ಲರಿಗೂ 20 ಹಾಕಿದರೆ ಅನುಮಾನ ಬರುತ್ತೆ ಅಂತ ನಡುನಡುವೆ 18 ಹಾಕಿದೆ. ಯಾವ ಮಗುವಿಗೆ 18 ಬೀಳಬೇಕು ಅನ್ನುವುದಕ್ಕೆ ಬೇರೆ ಯಾವ ಲೆಕ್ಕವೂ ಇರಲಿಲ್ಲ.

ಅಮೆರಿಕದ ಅಟ್ಲಾಂಟಾ ನಗರದ ಕತೆ ನನಗೆ ಮೊದಲೇ ಗೊತ್ತಿತ್ತು. 2011ರಲ್ಲಿ ಅಲ್ಲಿಯ ತನಿಖಾ ವರದಿ ಬಂದಾಗ 44 ಶಾಲೆಗಳಲ್ಲಿ ಅಕ್ರಮ ಸಿಕ್ಕಿತ್ತು. ಶಿಕ್ಷಕರು, ಮುಖ್ಯಶಿಕ್ಷಕರು ಸೇರಿ 178 ಮಂದಿ. ಮಕ್ಕಳ ಉತ್ತರ ಪತ್ರಿಕೆಯಲ್ಲಿ ತಪ್ಪು ಉತ್ತರ ಅಳಿಸಿ ಸರಿ ಉತ್ತರ ತುಂಬಿದ್ದರು. ಅಲ್ಲಿ ಭಯದ ವಾತಾವರಣ ಇತ್ತು ಅಂತ ವರದಿಯೇ ಬರೆದಿತ್ತು. 2015ರಲ್ಲಿ 11 ಜನರ ಮೇಲೆ ಅಪರಾಧ ಸಾಬೀತಾಯಿತು. ಆ ಸುದ್ದಿ ಓದಿದಾಗ, "ಛೇ, ಮೇಷ್ಟ್ರುಗಳಾಗಿ ಹೀಗೆ ಮಾಡೋದಾ" ಅಂದಿದ್ದೆ. ಆಂತರಿಕ ಅಂಕ ಹಂಚಿದ ಮಧ್ಯಾಹ್ನ ಅದು ನೆನಪಿಗೆ ಬಂತು. ನನ್ನ ಕೈಯಲ್ಲಿ ರಬ್ಬರ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಗುಲಾಬಿ ಮಕ್ಕಳು ಏನಾದರು? ಹೆಚ್ಚಿನವರು ಕ್ಲಾಸಿನಲ್ಲಿ ಹಿಂದೆ ಕೂತು ಕಾಪಿ ಬರೆದರು. ಗಲಾಟೆ ಮಾಡದಿದ್ದರೆ ಸಾಕು ಅನ್ನುವ ಒಪ್ಪಂದ. ಕೊನೆಗೆ ಅರ್ಜಿ ತುಂಬುವ ಸಮಯ ಬಂದಾಗ ಅವರಲ್ಲಿ ಮೂವರ ಮನೆಯವರನ್ನು ಕರೆಸಿದರು. ಈ ಸಲ ಶಾಲೆಯಿಂದ ಬೇಡ, ಮುಂದಿನ ಸಲ ಖಾಸಗಿಯಾಗಿ ಕಟ್ಟಿಸಿ, ಮಗುವಿಗೂ ಒತ್ತಡ ಕಡಿಮೆ ಅಂತ ಎಚ್ಚೆಮ್ ಮೆತ್ತಗೆ ಹೇಳಿದರು. ಕ್ಲಾಸ್ ಟೀಚರ್ ಅಂತ ನಾನೂ ಪಕ್ಕದ ಕುರ್ಚಿಯಲ್ಲಿದ್ದೆ. ಒಬ್ಬ ತಾಯಿ ನನ್ನ ಕಡೆ ತಿರುಗಿ, "ನೀವು ಹೇಳಿ ಮಿಸ್, ನೀವು ಹೇಳಿದ ಹಾಗೆ ಮಾಡ್ತೀವಿ" ಅಂದರು. ನಾನು ತಲೆ ಆಡಿಸಿದೆ. ಕಿತ್ತಳೆ ಬಣ್ಣದ ಹುಡುಗನ ತಾಯಿ ಅವರು.

ಪರೀಕ್ಷೆ ಬಂತು, ಹೋಯಿತು. ಕಣ್ಣಿನ ಚಿತ್ರ ಬಂದಿತ್ತು.

ಫಲಿತಾಂಶ ಶೇ. 94. ಬರೆದವರು 50, ಪಾಸಾದವರು 47. ಎಚ್ಚೆಮ್ ಸ್ಟಾಫ್ ರೂಮಿಗೆ ಬಂದು ಎಲ್ಲರ ಕೈ ಕುಲುಕಿದರು. ಗೋಡೆಯ 90ನ್ನು ತಾವೇ ಹೊಡೆದು 94 ಬರೆದರು. ಖುಷಿಯಲ್ಲಿ ನಾನೂ ಚಪ್ಪಾಳೆ ತಟ್ಟಿದೆ. ನಿಜವಾದ ಖುಷಿಯೇ. ಹಳದಿಯ ಎಷ್ಟೋ ಮಕ್ಕಳು ಪಾಸಾಗಿದ್ದರು. ಅದರಲ್ಲಿ ಒಬ್ಬಳು, ಅದೇ "ಬರುತ್ತಾ" ಅಂತ ಕೇಳಿದವಳು, ಓಡಿ ಬಂದು ನನ್ನನ್ನು ತಬ್ಬಿಕೊಂಡಳು. ಅವಳ ಮುಂದಿನ ದಾರಿ ತೆರೆಯಿತು. ಅದನ್ನು ಸುಳ್ಳು ಅನ್ನಲಾರೆ.

ಮನೆಗೆ ಬಂದ ಮೇಲೆ ಸುಮ್ನೆ ಲೆಕ್ಕ ಹಾಕಿದೆ. 50ಕ್ಕೆ 47 ಅಂದರೆ 94. ವರ್ಷದ ಮೊದಲಿದ್ದ 53ಕ್ಕೆ 47 ಅಂದರೆ 89 ಕೂಡ ಆಗುವುದಿಲ್ಲ.

ಮೇಲಧಿಕಾರಿಗಳ ಮೀಟಿಂಗಿನಲ್ಲಿ ವಿಷಯವಾರು ಫಲಿತಾಂಶ ಓದಿದರು. ವಿಜ್ಞಾನಕ್ಕೆ ಒಳ್ಳೆಯ ಅಂಕ. ನನ್ನನ್ನು ಎದ್ದು ನಿಲ್ಲಲು ಹೇಳಿ ಹೊಗಳಿದರು. ಪಕ್ಕದ ಸಾಲಿನಲ್ಲಿ ಬೇರೆ ಶಾಲೆಯ ಒಬ್ಬ ವಿಜ್ಞಾನ ಮೇಷ್ಟ್ರನ್ನೂ ಎದ್ದು ನಿಲ್ಲಿಸಿದರು, ಕಾರಣ ಕೇಳುವುದಕ್ಕೆ. ಅವರು ಬಾಯಿ ತೆರೆದು ಏನೋ ಹೇಳಲು ಹೋಗಿ ಕೂತುಬಿಟ್ಟರು. ಅಮೆರಿಕದ ಸಂಖ್ಯಾಶಾಸ್ತ್ರಜ್ಞರ ಸಂಘ 2014ರಲ್ಲಿ ಒಂದು ಹೇಳಿಕೆ ಕೊಟ್ಟಿತ್ತು. ಮಕ್ಕಳ ಅಂಕಗಳಲ್ಲಿ ಕಾಣುವ ಏರಿಳಿತದಲ್ಲಿ ಶಿಕ್ಷಕರ ಪಾಲು ಸುಮಾರು ಶೇ. 1ರಿಂದ 14 ಅಂತ ಹೆಚ್ಚಿನ ಅಧ್ಯಯನಗಳು ಹೇಳುತ್ತವೆ ಎಂದು. ಉಳಿದದ್ದು ನಮ್ಮ ಕೈ ಮೀರಿದ್ದು. ಅದು ಆಗ ನನಗೆ ಗೊತ್ತಿದ್ದರೂ ಆ ಸಭೆಯಲ್ಲಿ ಹೇಳುವ ಧೈರ್ಯ ಬರುತ್ತಿತ್ತು ಅನ್ನಿಸುವುದಿಲ್ಲ. ಎದ್ದು ನಿಂತವಳು ಹೊಗಳಿಸಿಕೊಂಡು ಕೂತೆ.

ಅಂಕಪಟ್ಟಿ ಕೊಡುವ ದಿನ ಹಸಿರು ಪಟ್ಟಿಯ ಒಬ್ಬಳು ಬಂದಳು. ಮೊದಲ ಬೆಂಚಿನವಳು, ಶಾಲೆಗೇ ಮೊದಲು. ಸಹಿ ಹಾಕುತ್ತಿದ್ದಾಗ ಅವಳು ತನ್ನ ನೋಟ್ ಬುಕ್ ಮುಂದಿಟ್ಟಳು. ಕೊನೆಯ ಹಾಳೆಗಳಲ್ಲಿ ಪ್ರಶ್ನೆಗಳ ಪಟ್ಟಿ ಇತ್ತು. ಆಕಾಶ ನೀಲಿ ಯಾಕೆ ಅಂತ ಪುಸ್ತಕದಲ್ಲಿದೆ, ಹಾಗಾದರೆ ನೇರಳೆ ಯಾಕಲ್ಲ? ಎರಡು ಕಣ್ಣಿದ್ದರೂ ಒಂದೇ ಚಿತ್ರ ಹೇಗೆ ಕಾಣುತ್ತದೆ? ಹೀಗೆ ಇಪ್ಪತ್ತೋ ಇಪ್ಪತ್ತೈದೋ.

"ವರ್ಷ ಪೂರ್ತಿ ಕೇಳೋಣ ಅಂತ ಬರೆದಿಟ್ಟೆ ಮಿಸ್. ನೀವು ಯಾವಾಗಲೂ ಅವರ ಜೊತೆ ಇರ್ತಿದ್ರಿ" ಅಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ನಾನು ಅಲ್ಲೇ ಕೂತು ಎರಡು ಪ್ರಶ್ನೆಗೆ ಉತ್ತರ ಹೇಳಿದೆ. ನೇರಳೆಯದು ನನಗೂ ಅರ್ಧವೇ ಗೊತ್ತಿತ್ತು. ಹಿಂದೆ ಸಾಲು ನಿಂತಿತ್ತು. ಅವಳು ಪುಸ್ತಕ ತೆಗೆದುಕೊಂಡು ಹೋದಳು.

ಈಗ ಹೊಸ ವರ್ಷ. ಮೊದಲ ಕಿರುಪರೀಕ್ಷೆ ಮುಗಿದಿದೆ. ಎಚ್ಚೆಮ್ ಹೊಸ ಪಟ್ಟಿ ಕೊಟ್ಟಿದ್ದಾರೆ, 57 ಹೆಸರು. ಗೋಡೆಯ ಮೇಲೆ 97 ಅಂತ ಬರೆದಾಗಿದೆ. ಈ ಸಲ ನಿಜವಾದ ಕೆಂಪು ಹೈಲೈಟರ್ ಕೂಡ ತರಿಸಿದ್ದಾರೆ.

ಪಟ್ಟಿ ಮೂರು ದಿನದಿಂದ ನನ್ನ ಬ್ಯಾಗಿನಲ್ಲಿದೆ. ನಿನ್ನೆ ಲ್ಯಾಬಿನ ಬೀರು ತೆಗೆದು ಮೈಕ್ರೋಸ್ಕೋಪ್ ನೋಡಿದೆ. ಲೆನ್ಸಿಗೆ ಫಂಗಸ್ ಬಂದಿತ್ತು. ಒರೆಸಿದೆ, ಪೂರ್ತಿ ಹೋಗಲಿಲ್ಲ. ಈರುಳ್ಳಿ ಸಿಪ್ಪೆ ಇಟ್ಟು ನೋಡಿದರೆ ಕೋಶಗಳು ಮಸುಕಾಗಿ ಕಂಡವು, ಆದರೆ ಕಂಡವು. ಎಚ್ಚೆಮ್ ನಾಳೆ ಪಟ್ಟಿ ಕೇಳುತ್ತಾರೆ. ಇನ್ನೂ ಬಣ್ಣ ಹಚ್ಚಿಲ್ಲ.